ನೋಡೋಣ ಎನ್ನದ ಅಕ್ಕೋರು

ಅಕ್ಕೋರು ಕೆಲಸ ಬಿಟ್ಟ ದಿನ ಯಾರೂ ಹಾರ ತರಲಿಲ್ಲ. ಬಂದು ಹೋಗುವ ಪುಢಾರಿಗಳಿಗೆಲ್ಲ ಏಲಕ್ಕಿ ಹಾರ ಹಾಕಿ ಕಳಿಸುವ ಊರು ನಮ್ಮದು. ಆದರೆ ಗುತ್ತಿಗೆಯ ಮೇಲೆ ದುಡಿಯುವವರಿಗೆ ನಿವೃತ್ತಿ ಎಂಬುದೊಂದು ದಿನವಿಲ್ಲ. ವರ್ಷ ತುಂಬುತ್ತದೆ, ಮುಂದಿನ ವರ್ಷದ ಕಾಗದ ಬರುವುದಿಲ್ಲ, ಅಷ್ಟೆ. ಆ ದಿನವೂ ಅವರು ಹನ್ನೊಂದು ಮಕ್ಕಳನ್ನು ನೋಡಿದರು. ಕೊನೆಯ ಮಗು ಹೋದ ಮೇಲೆ ಮೇಜಿನ ಕೆಳಗೆ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದಲೇ ತಡಕಿ ಮೆಟ್ಟಿಕೊಂಡರು. ಕಪಾಟಿನ ಕೀಲಿಯನ್ನು ನನ್ನ ಕೈಗಿಟ್ಟರು.

"ಸಿಸ್ಟರ್, ಇದು ಸ್ವಲ್ಪ ಬಿಗಿ ಐತ್ರಿ. ಎಡಕ್ಕ ಒತ್ತಿ ತಿರುಗಸ್ರಿ" ಎಂದರು.

ಇಪ್ಪತ್ತು ವರ್ಷದ ಹತ್ತಿರದ ಕೆಲಸಕ್ಕೆ ಅದೇ ಬೀಳ್ಕೊಡುಗೆಯ ಭಾಷಣ. ರಾಣೇಬೆನ್ನೂರಿನ ಬಸ್ಸು ಹಿಡಿಯಲು ನಡೆದು ಹೋದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವರು ತಿರುಗಿ ನೋಡಲಿಲ್ಲ. ನೊಂದುಕೊಂಡು ಹಾಗೆ ಹೋದರೆಂದು ನಾನು ತಿಳಿದಿಲ್ಲ. ತಿರುಗಿ ನೋಡುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಅದು ಅವರಲ್ಲಿ ಉಳಿದಿರಲಿಲ್ಲ.

ನಾನು ಹಾವೇರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಮಕ್ಕಳ ಬೆಳವಣಿಗೆ ನೋಡುವ ಕೋಣೆಗೆ ನನ್ನನ್ನು ಹಾಕಿ ಹನ್ನೆರಡು ವರ್ಷವಾಯಿತು. ಎರಡು ವರ್ಷ, ಮೂರು ವರ್ಷ ತುಂಬಿದರೂ ಮಾತು ಬಾರದ ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆ. ಕಿವಿ ಕೇಳುವುದಿಲ್ಲವೋ, ಬುದ್ಧಿ ಬೆಳೆಯುವುದು ನಿಧಾನವೋ, ಮಂದಿಯೊಡನೆ ಬೆರೆಯುವುದರಲ್ಲಿ ತೊಡಕೋ, ಇಲ್ಲ ಬರಿಯ ತಡವೋ ಎಂದು ಪರೀಕ್ಷೆ ಮಾಡಿ ಹೇಳುವುದು ಅಕ್ಕೋರ ಕೆಲಸ. ಆ ಹುದ್ದೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅದು ಯಾರ ಬಾಯಿಗೂ ಹತ್ತಲಿಲ್ಲ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಹಾಗೆ ಇವರು ಮಾತಿನ ಅಕ್ಕೋರಾದರು. ತಾವು ಮಾತ್ರ ಬಹಳ ಕಡಿಮೆ ಮಾತಿನವರು.

ಸೋಮವಾರ, ಗುರುವಾರ ಹಾವೇರಿ. ಬುಧವಾರ ರಾಣೇಬೆನ್ನೂರು. ಶುಕ್ರವಾರ ಬ್ಯಾಡಗಿ. ಉಳಿದ ದಿನ ಹಳ್ಳಿಯ ಅಂಗನವಾಡಿಗಳು. ಇಡೀ ಜಿಲ್ಲೆಯ ಬಸ್ಸುಗಳಲ್ಲಿ ಕಿಟಕಿಯ ಸರಳಿಗೆ ಹಣೆ ಹಚ್ಚಿ ನಿದ್ದೆ ಮಾಡುವ ಕುಳ್ಳನೆಯ ಹೆಂಗಸೆಂದರೆ ಅವರೇ. ಕಂಡಕ್ಟರುಗಳು ಟಿಕೆಟ್ ಕೊಡುವಾಗ ಎಬ್ಬಿಸುತ್ತಿರಲಿಲ್ಲ, ಇಳಿಯುವ ಊರು ಬಂದಾಗ ಎಬ್ಬಿಸುತ್ತಿದ್ದರು. ಸೋಮವಾರ ಅವರ ಚೀಲ ಬಿಚ್ಚಿದರೆ ನಮಗೆಲ್ಲ ಸೀನು ಬರುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿಯ ಘಾಟು ಬಟ್ಟೆಯಲ್ಲೇ ಕೂತು ಬರುತ್ತಿತ್ತು.

ಆ ಚೀಲದಲ್ಲಿ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಒಂದು ಚಮಚ, ಒಂದು ಹಣಿಗೆ, ಪುಟ್ಟ ಗಂಗಾಳ, ಪುಟ್ಟ ಚರಗಿ, ಪ್ಲಾಸ್ಟಿಕ್ ಎತ್ತು, ಒಂದು ಕಣ್ಣು ಹೋದ ಗೊಂಬೆ, ಒಂದು ಗಿಲಕಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒಂದು ಹಿಡಿ ಮಂಡಕ್ಕಿ. ಮಗು ಬಂದರೆ ಅವರು ಅದರ ಕಡೆ ನೋಡುತ್ತಲೇ ಇರಲಿಲ್ಲ. ಚಾಪೆಯ ಮೇಲೆ ಕೂತು ತಮ್ಮ ಪಾಡಿಗೆ ಗಂಟು ಬಿಚ್ಚುವುದು, ಕಟ್ಟುವುದು. ಹತ್ತು ನಿಮಿಷ, ಹದಿನೈದು ನಿಮಿಷ. ಬಂದ ತಾಯಂದಿರಿಗೆ ತಾಳ್ಮೆ ತಪ್ಪುತ್ತಿತ್ತು. "ಮಾತಾಡಸ್ರಿ ಅಕ್ಕೋರ, ಬಸ್ಸಿನ ಹೊತ್ತಾತು" ಅನ್ನುತ್ತಿದ್ದರು. ಮಗುವಿನ ಭುಜ ಹಿಡಿದು "ಹೇಳು, ಅವ್ವ ಅನ್ನು, ಅಪ್ಪ ಅನ್ನು" ಎಂದು ಅಲುಗಾಡಿಸುತ್ತಿದ್ದರು.

"ಹೇಳು ಹೇಳು ಅನಬ್ಯಾಡ್ರಿ" ಅನ್ನುವರು ಅಕ್ಕೋರು. "ಹಂಗಂದ್ರ ದೊಡ್ಡವರ ಬಾಯಿನೂ ಕಟ್ತೈತಿ."

ಕೊನೆಗೆ ಮಗು ತಾನಾಗಿ ಬಂದು ಡಬ್ಬಿ ಎತ್ತಿಕೊಳ್ಳುತ್ತಿತ್ತು. ಮುಚ್ಚಳ ಬರುವುದಿಲ್ಲ. ಆಗ ಅದು ಏನು ಮಾಡುತ್ತದೆ ಎನ್ನುವುದೇ ಅವರಿಗೆ ಬೇಕಾದ್ದು. ಮುಖ ನೋಡಿ ಡಬ್ಬಿ ಚಾಚುತ್ತದೆಯೋ, ಬೆರಳು ಮಾಡುತ್ತದೆಯೋ, ಅಳುತ್ತದೆಯೋ, ಸುಮ್ಮನೆ ಬಿಟ್ಟು ಹೋಗುತ್ತದೆಯೋ. "ಮಾತು ಬಾಯಾಗ ಬರೂಕಿಂತ ಮೊದಲ ಕಣ್ಣಾಗ ಬರತೈತಿ" ಎಂದು ನನಗೆ ಮೊದಲ ವಾರವೇ ಹೇಳಿದ್ದರು.

ಒಮ್ಮೆ ರಾಣೇಬೆನ್ನೂರಿಗೆ ನಾನೂ ಅವರ ಜೊತೆ ಹೋಗಿದ್ದೆ. ದೇವರಗುಡ್ಡದಿಂದ ಒಬ್ಬ ಅಜ್ಜಿ ಮೂರು ವರ್ಷದ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು. ಆಗ ತರಬೇತಿಗೆಂದು ಮೈಸೂರಿನ ಕಡೆಯ ಒಬ್ಬ ಹುಡುಗಿ ಅಕ್ಕೋರ ಬಳಿ ಇದ್ದಳು. ಜಾಣೆ, ಶ್ರದ್ಧೆಯವಳು. ಅಚ್ಚಾದ ಫಾರ್ಮು ಮುಂದಿಟ್ಟುಕೊಂಡು, "ಪುಟ್ಟಿ, ತಟ್ಟೆ ತೋರ್ಸು. ಚೊಂಬು ಎಲ್ಲಿದೆ? ಬಾಚಣಿಗೆ ತಗೋ" ಎಂದು ಕೇಳಿದಳು. ಮಗು ಬೆರಳು ಬಾಯಲ್ಲಿಟ್ಟು ಸುಮ್ಮನೆ ನಿಂತಿತು. ಹುಡುಗಿ ಮೂರೂ ಕಡೆ ಸೊನ್ನೆ ಹಾಕಿದಳು. ಮಾತು ತಿಳಿಯುವುದೇ ಇಲ್ಲವೆಂದು ಬರೆಯುವುದರಲ್ಲಿದ್ದಳು. ಅಕ್ಕೋರು ಕೂತಲ್ಲಿಂದಲೇ, "ಗಂಗಾಳ ಎಲ್ಲೈತಿ ನಮ್ಮವ್ವಾ? ಚರಗಿ? ಹಣಿಗಿ ಅಜ್ಜಿಗೆ ಕೊಡು" ಎಂದರು. ಮಗು ಮೂರನ್ನೂ ಮಾಡಿತು. ಹಣಿಗೆಯನ್ನು ಅಜ್ಜಿಯ ಕೈಗೆ ಕೊಡದೆ ನೇರ ತಲೆಗೇ ಹಚ್ಚಿತು.

ಹುಡುಗಿಯ ಮುಖ ಸಣ್ಣದಾಯಿತು. ಅಕ್ಕೋರು ಬೈಯಲಿಲ್ಲ. "ಕೂಸಿಗೆ ಮಾತು ಬರಂಗಿಲ್ಲ ಅಂತ ಬರಿಯೂಕಿಂತ ಮೊದಲ, ಫಾರ್ಮಿಗೆ ಕೂಸಿನ ಮಾತು ಬರತೈತೇನ ನೋಡವ್ವ" ಎಂದರು, ಅಷ್ಟೆ.

ಬಂದವರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ. ಇವರಪ್ಪನೂ ತಡವಾಗಿ ಮಾತಾಡಿದ್ದ. ನಾಲಿಗೆ ದಪ್ಪ ಇದೆ. ಬಜೆಯ ಬೇರು ತೇದು ನೆಕ್ಕಿಸಿದ್ದೇವೆ. ಮೈಲಾರಪ್ಪನಿಗೆ ಹರಕೆ ಹೊತ್ತಿದ್ದೇವೆ. ಅಕ್ಕೋರು ಇವನ್ನೆಲ್ಲ ಮೊದಲ ಸಲ ಕೇಳುವವರಂತೆ ಕೇಳುತ್ತಿದ್ದರು. "ಹರಕಿ ತೀರಸ್ರಿ. ಬಜಿ ಮಾತ್ರ ಬ್ಯಾಡ್ರಿ, ಕೂಸಿಗೆ ಅದು ಚಲೋ ಅಲ್ಲ. ಅದನ್ನ ತೇಯೂ ಹೊತ್ತಿನ್ಯಾಗ ಅದರ ಮುಂದ ಕುಂತು ಮಾತಾಡ್ರಿ" ಅನ್ನುವರು. ಅವರ ಬಾಯಲ್ಲಿ ಎಂದೂ ಬಾರದ ಮಾತು ಒಂದಿತ್ತು. 'ನೋಡೋಣ.' ದೊಡ್ಡ ಡಾಕ್ಟರರು, ನಾನು, ಅಂಗನವಾಡಿಯವರು, ಎಲ್ಲರೂ ದಿನಕ್ಕೆ ಹತ್ತು ಸಲ ಅನ್ನುವ ಮಾತು ಅದು. ಅವರು ಮಾತ್ರ ತಾರೀಖು ಹೇಳುತ್ತಿದ್ದರು. "ಮೂರು ವಾರ ಬಿಟ್ಟು ಬರುವ ಗುರುವಾರ ಬರ್ರಿ. ಬರಲಿಲ್ಲಂದ್ರ ನಾ ಬರ್ತೇನಿ." ಎಷ್ಟೋ ಸಲ ಹೋಗಿಯೂ ಇದ್ದಾರೆ. ಯಾಕೆ ಇಷ್ಟು ಹಟ ಎಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಾದದ್ದು ನಾನೇ ಒಂದು ತಪ್ಪು ಮಾಡಿದ ದಿನ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿ ಪೂಜೆ ಇಟ್ಟುಕೊಂಡಿದ್ದೆವು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಗ, ಸೊಸೆ, ಎರಡೂವರೆ ವರ್ಷದ ಮೊಮ್ಮಗ. ಅಕ್ಕೋರನ್ನು ಊಟಕ್ಕೆ ಕರೆದಿದ್ದೆ. ಬಂದರು. ಹೊಸ ಕೋಣೆಗಳನ್ನು ನೋಡಿ "ಗಾಳಿ ಚಲೋ ಆಡತೈತಿ" ಎಂದು ಹೊಗಳಿ, ಮೂಲೆಯಲ್ಲಿ ಕೂತರು.

ಮೊಮ್ಮಗ ಅಲ್ಲೇ ನೆಲದ ಮೇಲೆ ಗಂಗಾಳವೊಂದನ್ನು ಗಿರಗಿರ ತಿರುಗಿಸುತ್ತ ಕೂತಿದ್ದ. ಬಂದ ನೆಂಟರಿಗೆ ನಮ್ಮವರು ಅವನ ಪ್ರತಾಪ ಹೇಳುತ್ತಿದ್ದರು. "ಇಂಗ್ಲೀಷಿನ್ಯಾಗ ಇಪ್ಪತ್ತರತನಕ ಎಣಸ್ತಾನ. ಫೋನಿನ್ಯಾಗ ಕೇಳಿ ಕಲತಾನ. ಅಪ್ಪನ ಹಂಗ ಗಣಿತದಾಗ ಹುಷಾರ ಆಗ್ತಾನ." ಅವನು ಅವ್ವ ಎಂದು ಕರೆಯುತ್ತಿರಲಿಲ್ಲ, ಅಜ್ಜಿ ಎನ್ನುತ್ತಿರಲಿಲ್ಲ. ಗಂಡು ಮಕ್ಕಳು ತಡ ಎಂದು ನಾವೆಲ್ಲ ನಂಬಿದ್ದೆವು. ನಾನೂ ನಂಬಿದ್ದೆ. ದಿನಕ್ಕೆ ಎಂಟು ತಾಯಂದಿರಿಗೆ "ಹೆಸರು ಕರೆದರೆ ತಿರುಗುತ್ತದೆಯೇ? ಬೆರಳು ಮಾಡಿ ತೋರಿಸುತ್ತದೆಯೇ?" ಎಂದು ಕೇಳಿ ಬರೆದುಕೊಳ್ಳುವ ನಾನು ನನ್ನ ಮನೆಯಲ್ಲಿ ಆ ಪ್ರಶ್ನೆಗಳನ್ನು ಕೇಳಿರಲಿಲ್ಲ.

ಅಕ್ಕೋರು ಬೇಸನ್ ಉಂಡಿಯ ಡಬ್ಬಿಯ ಮುಚ್ಚಳ ಬಿಗಿದು ಅವನ ಮುಂದಿಟ್ಟರು. ಅವನು ಎಳೆದ, ಅಲುಗಾಡಿಸಿದ. ಆಮೇಲೆ ಪಕ್ಕದಲ್ಲಿದ್ದ ನನ್ನ ಸೊಸೆಯ ಮುಂಗೈ ಹಿಡಿದು ಎಳೆದು ಮುಚ್ಚಳದ ಮೇಲಿಟ್ಟ. ಮುಖ ಎತ್ತಿ ನೋಡಲಿಲ್ಲ. ಕೈಯೊಂದೇ ಅವನಿಗೆ ಬೇಕಾಗಿತ್ತು. ಸೊಸೆ ನಗುತ್ತ ತೆಗೆದುಕೊಟ್ಟಳು. "ಎಷ್ಟು ಶಾಣ್ಯಾ ಅದಾನ ನೋಡ್ರಿ" ಎಂದಳು. ಅಕ್ಕೋರು ಹೋಳಿಗೆ ಉಂಡು, ಕೈ ತೊಳೆದುಕೊಂಡು, ಅರಿಶಿಣ ಕುಂಕುಮ ತೆಗೆದುಕೊಂಡು ಹೋದರು.

ಸೋಮವಾರ ಕೋಣೆಗೆ ಬಂದವರೇ, ಚೀಲ ಇಳಿಸುವುದಕ್ಕೂ ಮೊದಲು ಹೇಳಿದರು. "ಸಿಸ್ಟರ್, ನಿಮ್ಮ ಮೊಮ್ಮಗನ್ನ ಒಂದ್ಸಲ ಕರಕೊಂಡ ಬರ್ರಿ."

ನನಗೆ ಮೈಯೆಲ್ಲ ಉರಿಯಿತು. "ನಾ ನಿಮ್ಮನ್ನ ಊಟಕ್ಕ ಕರದಿದ್ದೆ. ಪರೀಕ್ಷಾ ಮಾಡಾಕ ಕರದಿರಲಿಲ್ಲ."

"ಹೌದ್ರಿ" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಅವರ ಜೊತೆ ಮಾತು ಬಿಟ್ಟೆ. ಒಂದೇ ಕೋಣೆಯಲ್ಲಿ ಎರಡು ತಿಂಗಳು, ಫೈಲು ಕೊಡುವುದು, ಫೈಲು ತೆಗೆದುಕೊಳ್ಳುವುದು. ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಲ್ಯಾಬಿನವರ ಹತ್ತಿರ ಹೋಗುತ್ತಿದ್ದೆ. ಅವರು ಒಬ್ಬರೇ ಕೂತು ಒಂದು ರೊಟ್ಟಿ ಉಣ್ಣುತ್ತಿದ್ದರು.

ಒಂದು ಗುರುವಾರ ಮೋಟೆಬೆನ್ನೂರಿನ ಹತ್ತಿರ ಬಸ್ಸು ಕೆಟ್ಟು ಅಕ್ಕೋರು ಬರುವುದು ತಡವಾಯಿತು. ಅಗಡಿಯಿಂದ ಒಬ್ಬಳು ಹೆಣ್ಣುಮಗಳು ಎರಡೂವರೆ ವರ್ಷದ ಗಂಡು ಕೂಸನ್ನು ಕರೆತಂದಿದ್ದಳು. ಎರಡು ತಾಸು ಕಾದಳು. ಮನೆಯಲ್ಲಿ ಎಮ್ಮೆ ಈದಿದೆ, ಹೋಗಬೇಕು ಎಂದು ಚಡಪಡಿಸುತ್ತಿದ್ದಳು. ನನ್ನ ಹತ್ತಿರ ಬಂದು, "ನೀವು ದೊಡ್ಡವ್ರು, ನೀವ ಹೇಳ್ರಿ. ನಮ್ಮ ಹುಡುಗ ಏನೂ ಮಾತಾಡವಲ್ಲ, ಏನರ ಅಂಜೂ ಹಂಗ ಐತೇನ್ರಿ?" ಎಂದಳು.

ನಾನು ಆ ಮಗುವಿನ ಕಡೆ ನೋಡಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ನನ್ನ ಮನೆಯ ಮಗು. "ಗಂಡು ಹುಡುಗರು ತಡಾ ಮಾತಾಡ್ತಾರ ತಂಗಿ. ಅಂಜೂದೇನಿಲ್ಲ. ಇನ್ನೊಂದ ಆರು ತಿಂಗಳು ನೋಡೂಣು" ಎಂದೆ. ಅವಳ ಮುಖ ಅರಳಿತು. ನನ್ನ ಕಾಲು ಮುಟ್ಟುವಂತೆ ಬಗ್ಗಿ, ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ನನಗೂ ಎದೆ ಹಗುರವಾಯಿತು. ಆ ಮಾತನ್ನು ನಾನು ಅವಳಿಗಲ್ಲ, ನನಗೇ ಹೇಳಿಕೊಂಡಿದ್ದೆ.

ಅಕ್ಕೋರು ಬಂದು ರಿಜಿಸ್ಟರು ನೋಡಿದರು. "ಅಗಡಿ ಕೂಸು ಎಲ್ರಿ? ಹೆಸರು ಐತಿ, ಫೈಲ್ ಇಲ್ಲ."

"ಕಳಿಸಿದೆ."

"ಯಾಕ?"

"ಗಂಡು ಹುಡುಗ. ಆರು ತಿಂಗಳು ನೋಡೂಣು ಅಂದೆ."

ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ನಾನು ಸೆಟೆದು ನಿಂತಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, "ಸಂಜೀಕ ಅಗಡಿಗೆ ಹೋಗೂಣ್ರಿ. ನೀವೂ ಬರಬೇಕು" ಎಂದರು.

ಅಗಡಿಯ ಬಸ್ಸಿನಲ್ಲಿ ಅವರು ಅಂದು ನಿದ್ದೆ ಮಾಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸು ಎರಡು ವರ್ಷದ ಮಗಳನ್ನು ಕರೆತಂದಿದ್ದಳಂತೆ. ಮಾತಿಲ್ಲ. ಅಕ್ಕೋರು ಮಗುವಿನ ಬೆನ್ನ ಹಿಂದೆ ಗಿಲಕಿ ಆಡಿಸಿದರು. ಮಗು ತಿರುಗಿತು. ಇನ್ನೊಮ್ಮೆ ಆಡಿಸಿದರು, ಮತ್ತೆ ತಿರುಗಿತು. ಕಿವಿ ಸರಿ ಇದೆ ಎಂದು ಬರೆದರು. ಹೊರಗೆ ಇನ್ನೂ ಮೂವತ್ತು ಮಂದಿ ಕಾದಿದ್ದರು. "ಅಂಜಬ್ಯಾಡ, ಸ್ವಲ್ಪ ದಿನ ನೋಡೂಣು" ಎಂದು ಕಳಿಸಿದರು.

ಆ ತಾಯಿ ಒಂದೂವರೆ ವರ್ಷ ಬಿಟ್ಟು ಬಂದಳು. ಮಗುವನ್ನು ಹುಬ್ಬಳ್ಳಿಗೆ ಕರೆದೊಯ್ದು ಮಷೀನಿನಲ್ಲಿ ಪರೀಕ್ಷೆ ಮಾಡಿಸಿದರೆ, ಎರಡೂ ಕಿವಿ ಚೂರೂ ಕೇಳುತ್ತಿರಲಿಲ್ಲ. ಹುಟ್ಟಿನಿಂದಲೇ.

"ಹಂಗಾರ ತಿರುಗಿದ್ದು ಹೆಂಗ?" ಎಂದು ನಾನು ಕೇಳಿದೆ.

"ನನ್ನ ಕೈ ನೆರಳಿಗೆ" ಎಂದರು. "ಹಿಂದಿನ ಕಿಡಕಿಯಿಂದ ಬಿಸಲು ಬೀಳತಿತ್ತು. ನಾ ಕೈ ಎತ್ತಿದ್ರ ನೆರಳು ಮುಂದಿನ ಗ್ವಾಡಿ ಮ್ಯಾಲೆ ಆಡತಿತ್ತು. ಶಾಣ್ಯಾ ಕೂಸು, ನೆರಳು ನೋಡಿ ತಿರಗತಿತ್ತು. ನಾನ ಶಾಣ್ಯಾಕಿ ಇರಲಿಲ್ಲ."

ಮತ್ತೆ ಹೇಳಿದರು. "ಅವರವ್ವ ನನಗ ಏನೂ ಅನಲಿಲ್ಲ. ಇಷ್ಟು ದಿನ ಯಾಕ ಬರಲಿಲ್ಲ ಅಂತ ನಾನ ಜೋರ ಮಾಡಿ ಕೇಳಿದೆ. ಅದಕ್ಕ ಆಕಿ, ನೀವು ನೋಡೂಣು ಅಂದಿದ್ರಿ, ನಾವು ನೋಡಿದ್ವಿರಿ ಅಂದ್ಲು."

ಆ ಒಂದೂವರೆ ವರ್ಷ ಕಳೆದುಹೋಗದಿದ್ದರೆ ಕಿವಿಗೆ ಹಾಕುವ ಮಷೀನಿನಿಂದ ಆ ಹುಡುಗಿಗೆ ಮಾತು ಬರುವುದು ಎಷ್ಟೋ ಸುಲಭವಾಗುತ್ತಿತ್ತಂತೆ. ಬರಲಿಲ್ಲ. ಅಕ್ಕೋರು ವರ್ಷಗಟ್ಟಲೆ ಶುಕ್ರವಾರ ಕೆಲಸ ಮುಗಿದ ಮೇಲೆ ಅವರ ಮನೆಗೆ ಹೋಗಿ ಕೂತರು. ಕಲಿಸಲೆಂದು ಹೋದವರು ಕೊನೆಗೆ ಆ ಹುಡುಗಿಯಿಂದಲೇ ಕೈಭಾಷೆ ಕಲಿತರು. ಅವಳು ಈಗ ದೊಡ್ಡವಳಾಗಿದ್ದಾಳೆ, ಕಿವುಡು ಮಕ್ಕಳ ಶಾಲೆಯಲ್ಲಿ ಓದಿ, ಕಂಪ್ಯೂಟರ್ ಕಲಿತು, ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾಳೆ. ಒಮ್ಮೆ ಬ್ಯಾಡಗಿಯಲ್ಲಿ ಅವರಿಬ್ಬರು ಎದುರುಬದುರು ನಿಂತು ಕೈಯಲ್ಲಿ ಮಾತಾಡುವುದನ್ನು ನಾನು ಕಂಡಿದ್ದೇನೆ. ಏನೋ ತಮಾಷೆಯಿರಬೇಕು, ಇಬ್ಬರೂ ನಗುತ್ತಿದ್ದರು.

"ಆ ತಾಯಿ ನಿಮ್ಮನ್ನ ಕ್ಷಮಾ ಮಾಡಿದ್ಲೇನ್ರಿ?" ಎಂದು ಬಸ್ಸಿನಲ್ಲಿ ಕೇಳಿದ್ದೆ.

"ನಾ ಕೇಳೇ ಇಲ್ರಿ" ಎಂದರು. "ಆಕಿಗೆ ಮೊದಲ ಕೆಲಸ ಭಾಳ. ಕ್ಷಮಾ ಮಾಡು ಅಂದ್ರ ಇನ್ನೊಂದು ಕೆಲಸ ಹಚ್ಚಿದಂಗ ಆಕ್ಕಿತ್ತು."

ಅಗಡಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಮ್ಮೆ ಈದ ಮನೆ ಎಂದರೆ ತೋರಿಸಿದರು. ಆ ಹೆಣ್ಣುಮಗಳು ನಮ್ಮನ್ನು ಕಂಡು ಗಾಬರಿಯಾಗಿ ನಿಂತಳು. ಅವಳ ಅತ್ತೆ ಮುಂದೆ ಬಂದು, "ಮುಂಜಾನಿ ಏನೂ ಇಲ್ಲ ಅಂತ ಕಳಿಸೀರಿ, ಸಂಜೀಕ ಮನೀಮಟ ಬಂದೀರಿ. ಏನಾಗೇತ್ರಿ ನಮ್ಮ ಹುಡುಗಗ?" ಎಂದು ಕೇಳಿದಳು. ಅಕ್ಕೋರು ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನು.

"ತಪ್ಪು ನಂದು ಯವ್ವಾ" ಎಂದೆ. "ನೋಡದನ ಹೇಳಿಬಿಟ್ಟೆ. ಈಗ ನೋಡಾಕ ಬಂದೇವಿ."

ಮಗು ಅಂಗಳದಲ್ಲಿ ಕರುವಿನ ಹತ್ತಿರ ಇತ್ತು. ಅಕ್ಕೋರು ಗಂಟು ಬಿಚ್ಚಲೂ ಇಲ್ಲ, ಸುಮ್ಮನೆ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಆ ಹುಡುಗ ಕರುವಿನ ಹಗ್ಗದ ತುದಿ ಹಿಡಿದು ನಮ್ಮ ಕಡೆ ಬಂದ. ಹಗ್ಗ ಅಕ್ಕೋರ ಮುಂದೆ ಚಾಚಿದ. ಅವರ ಮುಖ ನೋಡಿದ. ತಿರುಗಿ ಕರುವಿನ ಕಡೆ ಬೆರಳು ಮಾಡಿದ. ಮತ್ತೆ ಅವರ ಮುಖ ನೋಡಿದ, ನೋಡಿದಿರೋ ಇಲ್ಲವೋ ಎಂಬಂತೆ. ಆಮೇಲೆ ನನ್ನ ಮುಖವನ್ನೂ ನೋಡಿದ. ಒಂದು ಶಬ್ದವಿಲ್ಲ. ಆದರೆ ನಮ್ಮ ಮನೆಗೆ ಕರು ಬಂದಿದೆ, ನೋಡಿರಿ, ಎಷ್ಟು ಚೆನ್ನಾಗಿದೆ ಎಂದು ಅವನು ಹೇಳಿದ್ದು ನಮಗಿಬ್ಬರಿಗೂ ಕೇಳಿಸಿತು.

ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತೆ. ನನ್ನ ಮೊಮ್ಮಗ ಇಪ್ಪತ್ತರವರೆಗೆ ಎಣಿಸುತ್ತಿದ್ದ. ಹುಟ್ಟಿದಾಗಿನಿಂದ ಒಮ್ಮೆಯೂ ಒಂದು ವಸ್ತುವನ್ನು ತಂದು ನನಗೆ ತೋರಿಸಿ ನನ್ನ ಮುಖ ನೋಡಿರಲಿಲ್ಲ. ಅದು ನನಗೆ ಗೊತ್ತಿತ್ತು. ಎರಡು ತಿಂಗಳಿನಿಂದ ಅಲ್ಲ, ಅದಕ್ಕೂ ಬಹಳ ಮೊದಲಿನಿಂದ ಗೊತ್ತಿತ್ತು.

ಅಗಡಿಯ ಹುಡುಗನ ಕಿವಿಯೊಳಗೆ ನೀರು ತುಂಬಿ ನಿಂತಿತ್ತು. ಮೇಲಿಂದ ಮೇಲೆ ನೆಗಡಿಯಾಗಿ ಹಾಗಾಗಿತ್ತಂತೆ. ಕಿವಿಯ ಡಾಕ್ಟರು ಚಿಕಿತ್ಸೆ ಮಾಡಿದರು. ವರ್ಷ ತುಂಬುವುದರೊಳಗೆ ಅವನು ಎಷ್ಟು ಮಾತಾಡತೊಡಗಿದನೆಂದರೆ, ಅವನ ತಾಯಿ ಬಂದು "ಬಾಯಿ ಮುಚ್ಚಿಸೂ ಔಷಧ ಐತೇನ್ರಿ ಅಕ್ಕೋರ?" ಎಂದು ನಗಾಡಿ ಹೋದಳು. ಆರು ತಿಂಗಳು ನೋಡಿದ್ದರೆ ಏನಾಗುತ್ತಿತ್ತೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದು ಅಗಡಿಯಿಂದ ಮರಳುವ ಬಸ್ಸಿನಲ್ಲಿ ನಾನು, "ಸೋಮವಾರ ಮೊಮ್ಮಗನ್ನ ಕರಕೊಂಡ ಬರ್ತೇನ್ರಿ" ಎಂದೆ.

"ಮಗನ್ನೂ ಸೊಸೀನೂ ಕರಕೊಂಡ ಬರ್ರಿ" ಎಂದರು. "ನೀವೊಬ್ರ ಕೇಳಿಸಿಕೊಂಡ್ರ ಸಾಕಾಗಂಗಿಲ್ಲ."

ಕಿವಿಯ ಪರೀಕ್ಷೆ ಮೊದಲು, ಹುಬ್ಬಳ್ಳಿಯಲ್ಲಿ. ಕಿವಿ ಸರಿಯಿತ್ತು. ಆಮೇಲೆ ಎರಡು ದಿನ, ಚಾಪೆಯ ಮೇಲೆ, ಅವನ ಜೊತೆ. ಕಿಟಕಿಗೆ ಬೆನ್ನು ಮಾಡಿ ಅವರು ಎಂದೂ ಕೂರುತ್ತಿರಲಿಲ್ಲ ಎನ್ನುವುದನ್ನು ನಾನು ಅಂದೇ ಗಮನಿಸಿದ್ದು. ಕೊನೆಗೆ ನನ್ನ ಮಗನನ್ನೂ ಸೊಸೆಯನ್ನೂ ಕೂಡಿಸಿಕೊಂಡು, ಮಗುವಿಗೆ ಆಟಿಸಂ ಇದೆ, ಮಕ್ಕಳ ಡಾಕ್ಟರೂ ಅದನ್ನೇ ಹೇಳಿದ್ದಾರೆ ಎಂದು ಬಿಡಿಸಿ ಹೇಳಿದರು. ಮಾತು ಅವನ ಬಾಯಲ್ಲಿ ಬರುತ್ತಿದೆ, ಆದರೆ ಮಾತು ಇನ್ನೊಬ್ಬರಿಗಾಗಿ ಎಂಬುದು ಅವನಿಗೆ ಇನ್ನೂ ಹೊಳೆದಿಲ್ಲ ಎಂದರು.

ಸೊಸೆಯ ಕಣ್ಣು ತುಂಬಿತ್ತು. "ನಾ ಫೋನ್ ಕೊಟ್ಟಿದ್ದಕ್ಕ ಹಿಂಗಾತೇನ್ರಿ?"

"ಇಲ್ಲ ತಂಗಿ. ಫೋನ್ ಕಡಿಮಿ ಮಾಡು, ಅದು ಬ್ಯಾರೆ ಮಾತು. ಅದರಿಂದ ಇದು ಆಗಿಲ್ಲ. ನೀ ಮಾಡಿದ್ದರಿಂದ ಏನೂ ಆಗಿಲ್ಲ."

ನನ್ನ ಮಗ ಕೇಳಿದ. "ಯಾವಾಗ ಎಲ್ಲರಂಗ ಮಾತಾಡ್ತಾನ್ರಿ?"

"ಗೊತ್ತಿಲ್ರಿ" ಎಂದರು ಅಕ್ಕೋರು. "ಎಲ್ಲರಂಗ ಆಗ್ತಾನಂತ ನಾ ಹೇಳಂಗಿಲ್ಲ. ಇವತ್ತಿಗಿಂತ ಮುಂದ ಹೋಗ್ತಾನಂತ ಹೇಳ್ತೇನಿ. ಗುರುವಾರ ಬರ್ರಿ."

ಮಗ ಗುರುವಾರ ರಜೆ ಹಾಕಿ ತಾನೇ ಕರೆದುಕೊಂಡು ಹೋದ.

ಮುಂದಿನ ನಾಲ್ಕು ವರ್ಷವನ್ನು ನಾನು ಹೇಗೆಂದು ಹೇಳಲಿ? ಒಂದು ಶಬ್ದಕ್ಕೆ ಎಂಟು ತಿಂಗಳು. ಬಂದ ಶಬ್ದ ಒಂದು ಜ್ವರಕ್ಕೆ ಹೋಗಿಬಿಟ್ಟದ್ದೂ ಇದೆ. ಸೊಸೆ ಸೋತು ಬಾಗಿಲು ಹಾಕಿಕೊಂಡು ಅತ್ತ ದಿನಗಳಿವೆ. ಅಕ್ಕೋರು ಒಮ್ಮೆಯೂ ಆಸೆ ಹಚ್ಚಲಿಲ್ಲ, ಒಮ್ಮೆಯೂ ಕೈಬಿಡಲಿಲ್ಲ. ಅವನು ಮೊದಲ ಸಲ ನನ್ನನ್ನು ನೋಡಿ "ಅಜ್ಜಿ" ಎಂದದ್ದು ಮೂರು ವರ್ಷ ಎಂಟು ತಿಂಗಳಿಗೆ. ಕೋಣೆಯಲ್ಲಿ ನಾನು ಗಟ್ಟಿಯಾಗಿ ಅತ್ತೆ. ಅಕ್ಕೋರು ತಾರೀಖು ಬರೆದುಕೊಂಡು, "ಮುಂದಿನ ಕೂಸನ್ನ ಕರೀರಿ ಸಿಸ್ಟರ್" ಎಂದರು. ಹೊರಗೆ ಕಾದವರು ಬಹಳ ಜನ ಇದ್ದರು.

ಅವರು ಹೋದ ಮೇಲೆ ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಸೋಮವಾರ, ಗುರುವಾರ ಹಳ್ಳಿಗಳಿಂದ ಜನ ಬರುತ್ತಾರೆ. ನಾನು ಹುಬ್ಬಳ್ಳಿಯ ವಿಳಾಸ ಬರೆದುಕೊಡುತ್ತೇನೆ. ಹೋಗುತ್ತಾರೋ ಇಲ್ಲವೋ ಎಂದು ಫೋನು ಮಾಡಿ ಕೇಳುತ್ತೇನೆ. ಕೆಲವರು ಎತ್ತುತ್ತಾರೆ. ನನಗೂ ಈಗ ಸಂಜೆಯ ಹೊತ್ತಿಗೆ ಕಾಲು ಬಾತುಕೊಳ್ಳುತ್ತವೆ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ.

ಹೋದ ಭಾನುವಾರ ರಾಣೇಬೆನ್ನೂರಿಗೆ ಹೋಗಿ ಅವರನ್ನು ಕಂಡು ಬಂದೆ. ಅಕ್ಕನ ಜೊತೆ ಬಾಡಿಗೆಯ ಸಣ್ಣ ಮನೆ. ಅವರಕ್ಕ ಬಾಗಿಲು ತೆಗೆದು, "ಮಲಗ್ಯಾಳ್ರಿ. ಬರೇ ಮಲಗೂದ. ಇಪ್ಪತ್ತು ವರ್ಷದ ನಿದ್ದಿ ಬಾಕಿ ಐತಿ ಅಂತಾಳ" ಎಂದರು. ಹೊರಸಿನ ಮೇಲೆ ಎದ್ದು ಕೂತ ಅಕ್ಕೋರು ಇನ್ನಷ್ಟು ಸಣ್ಣಗಾಗಿ ಕಂಡರು. ಬಿಪಿ, ಸಕ್ಕರೆ ಎಲ್ಲ ಇದೆಯಂತೆ. ಆಸ್ಪತ್ರೆಯ ಸುದ್ದಿ ಹೇಳಿದೆ. ಹೊಸಬರು ಬಂದಿಲ್ಲ ಎಂದದ್ದಕ್ಕೆ ಸುಮ್ಮನೆ ತಲೆಯಾಡಿಸಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಚಹಾ ಬಂತು. ಅರ್ಧ ಕುಡಿದು ಬಸಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

"ಮೊಮ್ಮಗ ಏನಂತಾನ್ರಿ?"

"ನಿನ್ನೆ ಸುಳ್ಳು ಹೇಳಿದ್ನ್ರಿ."

ಅವರು ನೆಟ್ಟಗೆ ಕೂತರು. "ಏನಂದ್ರಿ?"

"ನನ್ನ ಚಸ್ಮಾ ಮುರದು ಚಾಪಿ ಕೆಳಗ ಮುಚ್ಚಿಟ್ಟಿದ್ದ. ಯಾರು ಮುರದ್ರು ಅಂತ ಕೇಳಿದೆ. ಅಜ್ಜ ಮುರದ ಅಂದ."

"ಅಜ್ಜ ಮುರದ ಅಂದ್ನ? ಯಾರೂ ಹೇಳಿಕೊಟ್ಟಿದ್ದಿಲ್ಲಾ?"

"ಯಾರು ಹೇಳಿಕೊಡ್ತಾರ್ರಿ ಅದನ್ನ?"

"ಅಂದ ಮ್ಯಾಲೆ ನಿಮ್ಮ ಮುಖ ನೋಡಿದ್ನೇನ್ರಿ?"

"ನೋಡಿದ್ನ್ರಿ. ನಾ ನಂಬಿದ್ನೋ ಇಲ್ಲೋ ಅಂತ ನೋಡಿದ."

ಅಕ್ಕೋರು ನಗಲಾರಂಭಿಸಿದರು. ಹನ್ನೆರಡು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನ್ಯಾವತ್ತೂ ಕಂಡಿರಲಿಲ್ಲ. ಮೈಯೆಲ್ಲ ಅಲುಗಿ ಚಹಾ ಸೀರೆಯ ಮೇಲೆ ಚೆಲ್ಲಿತು. ಅವರಕ್ಕ ಒಳಗಿನಿಂದ ಓಡಿ ಬಂದು ಏನಾಯಿತೆಂದು ನೋಡಿದರು. ಇನ್ನೊಬ್ಬರ ತಲೆಯಲ್ಲಿ ಏನಿದೆ ಎಂದು ಊಹಿಸದೆ ಯಾರೂ ಸುಳ್ಳು ಹೇಳಲಾರರು ಎಂದು ನನಗೆ ಹೇಳಿಕೊಟ್ಟವರೇ ಅವರು. ಕಣ್ಣೊರೆಸಿಕೊಳ್ಳುತ್ತ, ಇನ್ನೂ ಉಸಿರು ಸಾಲದೆ ಕೇಳಿದರು.

"ಬೈದ್ರೇನ್ರಿ ಮತ್ತ?"

"ಬೈದೆರಿ" ಎಂದೆ. "ಅಜ್ಜಗ ಬೈದೆ."